ಐದು ದಿಂಬಿನ ಬೆಂಚು

ದುಡ್ಡು ಕೊಟ್ಟು ಪತ್ರಿಕೆ ಬೇಡ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಿನ ಗಾಜು ಎರಡು ಬೆರಳಿನಷ್ಟು ಇಳಿಯುತ್ತದೆ. ಆ ಸಂದಿಯಿಂದ ನಾಣ್ಯ ಬರುತ್ತದೆ. 'ಪೇಪರ್ ನೀನೇ ಇಟ್ಕೋಮ್ಮ' ಎಂಬ ಮಾತು ಬರುತ್ತದೆ. ಗಾಜು ಮೇಲೇರುತ್ತದೆ. ನಾನೇನು ಭಿಕ್ಷೆಗೆ ನಿಂತಿದ್ದೇನೆಯೇ? ಎಂಟು ಪುಟದ ವಾರಪತ್ರಿಕೆ ಮಾರುತ್ತಿದ್ದೇನೆ. ಅದರ ಐದನೇ ಪುಟ ನಾನೇ ಬರೆದದ್ದು. ಒಮ್ಮೆ ಹೀಗೆ ಹೇಳಿದ ಒಬ್ಬನ ಸ್ಕೂಟರಿನ ಹಿಂದೆ ಎರಡು ಬೀದಿ ಓಡಿ, ಅವನ ಕಾಲರಿನೊಳಗೆ ಪತ್ರಿಕೆ ತುರುಕಿ ಬಂದೆ. ಅವನು 'ಕಳ್ಳಿ, ಕಳ್ಳಿ' ಎಂದು ಕೂಗಿದ. ಕೈಗೆ ವಸ್ತು ಕೊಟ್ಟು ಕಳ್ಳಿ ಅನ್ನಿಸಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಪತ್ರಿಕೆ 'ಬಯಲು ವಾರ್ತೆ'. ಮನೆ ಇಲ್ಲದವರೇ ಬರೆಯುತ್ತೇವೆ, ಮನೆ ಇಲ್ಲದವರೇ ಮಾರುತ್ತೇವೆ. ಸಂಪಾದಕ ಒಂದು ಕಾಲದಲ್ಲಿ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಮುದ್ರಣಾಲಯ ಮುಚ್ಚಿತು, ಬಾಡಿಗೆ ಕೋಣೆ ಹೋಯಿತು, ತಿದ್ದುವ ಚಟ ಉಳಿಯಿತು. ಮಾತಾಡುವಾಗಲೂ ಎರಡೆರಡು ಪದಕ್ಕೆ ನಿಲ್ಲುತ್ತಾನಾದ್ದರಿಂದ ಅವನಿಗೆ ಅಲ್ಪವಿರಾಮ ಎಂದೇ ಹೆಸರು. ನನಗೆ ಬಾಯಿಬಡುಕಿ ಎಂದು ಹೆಸರು. ಯಾಕೆ ಎಂದು ಇಷ್ಟರಲ್ಲೇ ಗೊತ್ತಾಗಿರಬೇಕು. ಬಾಗಿಲು ಹಾಕಿದ ಒಂದು ಲಾಂಡ್ರಿಯ ಹಿಂಕೋಣೆ ನಮ್ಮ ಕಚೇರಿ. ಇಸ್ತ್ರಿ ಮಾಡುವ ಉದ್ದ ಮೇಜೇ ಸಂಪಾದಕನ ಮೇಜು. ಲೇಖನ ಬೇಸರ ತರಿಸಿದರೆ ಅವನು ಅದರ ಮೇಲೇ ಮಲಗಿಬಿಡುತ್ತಾನೆ.

ನಾನು ಸೇರಿದ ದಿನ ಅವನು ಹೇಳಿದ, "ನೀನು, ನಿನ್ ಕಷ್ಟ ಬರಿ. ಜನ, ಕಣ್ಣೀರು ಹಾಕ್ತಾರೆ."

"ನನ್ ಕಷ್ಟ ನಂಗೇ ಬೇಜಾರು ಬಂದಿದೆ. ಅವರಿಗ್ಯಾಕೆ ಕೊಡ್ಲಿ?" ಎಂದೆ. "ದೊಡ್ಡ ಪತ್ರಿಕೆಗಳಲ್ಲಿ ಹೋಟೆಲ್ ಚೆನ್ನಾಗಿದೆ, ಸಿನಿಮಾ ಚೆನ್ನಾಗಿಲ್ಲ ಅಂತ ಬರೀತಾರಲ್ಲ? ನಾನು ಬೆಂಚಿನ ಬಗ್ಗೆ ಬರೀತೀನಿ. ಈ ಊರಲ್ಲಿ ನಾನು ಬೆನ್ನು ಇಡದಿರೋ ಬೆಂಚಿಲ್ಲ."

ಅಂಕಣದ ಹೆಸರು 'ಬೆನ್ನು ಕೊಟ್ಟು ನೋಡಿದೆ'. ಅಂಕಗಳ ಬದಲು ದಿಂಬು ಕೊಡುತ್ತಿದ್ದೆ. ಐದು ದಿಂಬೆಂದರೆ ಅತ್ಯುತ್ತಮ. ಮಧ್ಯಾಹ್ನ ಒಂದು ಗಂಟೆ ಹೊತ್ತು ಮಲಗಿ ನೋಡದೆ ನಾನು ಒಂದು ಸಾಲೂ ಬರೆದವಳಲ್ಲ. 'ಗ್ರಂಥಾಲಯದ ಹಿಂದಿನ ಕಲ್ಲುಬೆಂಚು: ಬೇಸಿಗೆಗೆ ತಂಪು, ಚಳಿಗಾಲಕ್ಕೆ ಶತ್ರು. ಸೊಂಟದ ಹತ್ತಿರ ಒಂದು ಉಬ್ಬು ಇದೆ, ಅದರ ಜೊತೆ ರಾಜಿ ಮಾಡಿಕೊಳ್ಳಬೇಕು. ಮೂರು ದಿಂಬು.' 'ಆಸ್ಪತ್ರೆಯ ಹೊರಗಿನದು: ಹಲಗೆ ಚೆನ್ನಾಗಿದೆ, ಆದರೆ ಹೋಗುವವರು ಬರುವವರೆಲ್ಲ ಸತ್ತಿದ್ದೀಯಾ ಎಂದು ಅಲ್ಲಾಡಿಸಿ ಕೇಳುತ್ತಾರೆ. ಎರಡು ದಿಂಬು.' ಅಲ್ಪವಿರಾಮ ಇದನ್ನೆಲ್ಲ ತಿದ್ದುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗುವಾಗ ಮಾತ್ರ ಅವನು ಎಲ್ಲೂ ನಿಲ್ಲುತ್ತಿರಲಿಲ್ಲ.

ಮೂರನೇ ತಿಂಗಳಿಗೆ ನಗರಸಭೆಯಿಂದ ಒಬ್ಬ ಜವಾನ ಬಂದು ಪತ್ರಿಕೆ ಕೊಂಡ. ಮುಂದಿನ ವಾರವೂ ಬಂದ. ಐದನೇ ಪುಟ ಇದೆಯೇ ಎಂದು ತೆರೆದು ನೋಡಿಯೇ ಹೋಗುತ್ತಿದ್ದ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಗರಸಭೆಯವರು ನನ್ನನ್ನು ಓದುತ್ತಿದ್ದಾರೆ! ಸಿಗ್ನಲ್ಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದೇ ಸಮಯಕ್ಕೆ ಗ್ರಂಥಾಲಯದ ಬೆಂಚಿಗೆ, ಕೆರೆ ಪಾರ್ಕಿನ ಎರಡು ಬೆಂಚಿಗೆ ಕಬ್ಬಿಣದ ಕಂಬಿ ಬಿತ್ತು. ಬೆಂಚಿನ ನಡುನಡುವೆ ಗೇಣೆತ್ತರದ ಕಂಬಿ. ಕೂರಬಹುದು, ಮಲಗಲಾಗದು. ನಗರಸಭೆಯ ಕಾಗದದಲ್ಲಿ ಅದರ ಹೆಸರು ತೋಳಾಸರೆ. ನಮ್ಮವರೆಲ್ಲ ಗೊಣಗಿದರು, ನಾನೂ ಜೊತೆಗೆ ಗೊಣಗಿದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದರೆ ನಾನು ಅಷ್ಟು ಪೆದ್ದಿಯಾಗುತ್ತೇನೆ.

ಈಗ ಅಜ್ಜಿಯ ವಿಷಯ. ರಕ್ತಸಂಬಂಧವೇನೂ ಇಲ್ಲ, ಎಲ್ಲರಿಗೂ ಅಜ್ಜಿ. ಮೂವತ್ತು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಮೆಟ್ಟಿಲು ಒರೆಸಿದವಳು. ಮೇಲಿಂದ ಕೆಳಕ್ಕೆ ಒರೆಸಬೇಕು, ಬೆನ್ನು ಕೆಳಗಿನ ಕಡೆಗೆ, ಮುಖ ಮೆಟ್ಟಿಲ ಕಡೆಗೆ. ಒಂದು ದಿನ ಹಾಗೇ ಹಿಂದಕ್ಕೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಕೆಲಸ ಹೋಯಿತು. ಆಶ್ರಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ, ಹೆಂಗಸರ ಹಾಸಿಗೆ ಮೂರನೇ ಮಹಡಿಯಲ್ಲಿ, ಸ್ವಂತ ಕಾಲಲ್ಲಿ ಮೆಟ್ಟಿಲು ಹತ್ತಿ ಬಂದವರಿಗಷ್ಟೇ ಪ್ರವೇಶ ಎಂದರು. ಮೂವತ್ತು ವರ್ಷ ಮೆಟ್ಟಿಲು ಹತ್ತಿದವಳಿಗೆ! ನೆಲದ ಮೇಲೆ ಮಲಗಿದರೆ ಅವಳಿಗೆ ಏಳಲಾಗುವುದಿಲ್ಲ. ಕೂತೇ ನಿದ್ದೆ ಮಾಡಿದರೆ ಸೊಂಟ ಊದಿಕೊಳ್ಳುತ್ತದೆ. ಅವಳಿಗೆ ಬೇಕಾದದ್ದು ಮಂಡಿಯೆತ್ತರದ, ಆರಡಿ ಉದ್ದದ ಒಂದು ಹಲಗೆ. ಯಾರೂ ಬಂದು ಎಬ್ಬಿಸದ ಅಂಥದ್ದು ಊರಲ್ಲಿ ಇದ್ದದ್ದು ಒಂದೇ, ಬಸ್ ನಿಲ್ದಾಣದ ಹಿಂದಿನ ಹಳೆ ಮರದ ಬೆಂಚು. ಅವಳ ಮೈ ತಾಗಿ ತಾಗಿ ಆ ಹಲಗೆ ನುಣುಪಾಗಿತ್ತು.

ನಾನು ಅದರ ಬಗ್ಗೆ ಬರೆದೆ. ಪ್ರೀತಿಯಿಂದಲೇ ಬರೆದೆ. 'ಇಂಥ ಬೆಂಚು ಇನ್ನೊಂದಿಲ್ಲ. ಐದು ದಿಂಬು.' ಐದು ದಿಂಬು ಕೊಟ್ಟದ್ದು ಅದೇ ಮೊದಲು. ಅಜ್ಜಿಗೆ ಓದಿ ಹೇಳಿದೆ. "ನನ್ ಬೆಂಚು ಪೇಪರಲ್ಲಿ ಬಂತಾ?" ಎಂದು ಅವಳು ಸೆರಗಿನಿಂದ ಬೆಂಚು ಒರೆಸಿದಳು.

ನಾಲ್ಕನೇ ದಿನ ಮಧ್ಯಾಹ್ನ ಹೋದೆ. ಬೆಂಚಿಗೆ ಮೂರು ಕಂಬಿ ಬಿದ್ದಿತ್ತು. ವೆಲ್ಡರ್ ಒಬ್ಬ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಅಜ್ಜಿ ಕೋಲೂರಿ ನಿಂತಿದ್ದಳು. ಅವಳ ಕೈಯಲ್ಲಿ ಅಳತೆಪಟ್ಟಿಯ ತುದಿ.

"ರಿಪೇರಿಗೆ ಬಂದಿದಾನೆ ಅನ್ಕೊಂಡೆ ಕಣೇ," ಎಂದಳು. "ಇನ್ನೊಂದು ತುದಿ ನಾನೇ ಹಿಡ್ಕೊಂಡೆ. ಅಳತೆ ಸರಿಯಾಗಿ ಬರ್ಲಿ ಅಂತ."

ಆಮೇಲೆ ಅವಳು ಮಲಗಲು ನೋಡಿದಳು. ತಲೆ ಒಂದು ಖಾನೆಯಲ್ಲಿ, ಸೊಂಟ ಇನ್ನೊಂದರಲ್ಲಿ, ಕಾಲು ಕಂಬಿಯ ಆಚೆಗೆ. ಎರಡು ಕಂಬಿಯ ನಡುವೆ ಸಿಕ್ಕಿಕೊಂಡು, "ಇದು ಮಲಗೋಕಾ, ಇಲ್ಲ ಜಿಮ್ನಾಸ್ಟಿಕ್ಕಾ?" ಎಂದು ನಗಲು ಹೋಗಿ ಅತ್ತಳು.

ನಾನು ವೆಲ್ಡರನ ಮೇಲೆ ಹಾರಿದೆ. ಅವನು ಹೆದರಿಕೊಳ್ಳದೆ, ನನ್ನ ಎದೆಯ ಮೇಲಿದ್ದ, ಪತ್ರಿಕೆ ಮಾರಲು ನಗರಸಭೆ ಕೊಟ್ಟ ಬ್ಯಾಡ್ಜ್ ನೋಡಿ ಕೈ ಮುಗಿದ.

"ನೀವೇನಾ ಅಕ್ಕ, ಬೆನ್ನು ಕೊಟ್ಟು ನೋಡಿದೆ ಬರಿಯೋರು? ದಿನಗೂಲಿ ನಾನು. ಮೊದ್ಲು ವಾರಕ್ಕೆ ಒಂದಿನ ಕೆಲಸ ಸಿಕ್ರೆ ಹೆಚ್ಚು. ಈಗ ನಿಮ್ಮ ಪುಟ ಬಂದ ಕೂಡ್ಲೇ ಕೆಲಸ. ನಿಮ್ ಹೆಸರು ಹೇಳ್ಕೊಂಡು ಊಟ ಮಾಡ್ತಿದೀನಿ ಅಕ್ಕ."

ಜೇಬಿನಿಂದ ಕಾಗದ ತೆಗೆದು ತೋರಿಸಿದ. ನನ್ನ ಅಂಕಣದ ತುಂಡು. ಬೆಂಚು ಇರುವ ಜಾಗಕ್ಕೆ ಕೆಂಪು ಶಾಯಿಯ ಸುತ್ತು. ಕೆಳಗೆ ಸಾರ್ವಜನಿಕ ಆಸನ ವಿಭಾಗದ ಮೊಹರು, ಆಸನಾಧಿಕಾರಿಯ ಸಹಿ. ಗುಮಾಸ್ತ ಕತ್ತರಿಸಿ ಅಂಟಿಸುತ್ತಾನಂತೆ, ಅಧಿಕಾರಿ ಓದದೆ ಸಹಿ ಹಾಕುತ್ತಾನಂತೆ, ಇವನು ಕಂಬಿ ಹಾಕುತ್ತಾನಂತೆ. ಊರೆಲ್ಲ ಸುತ್ತಿ ಯಾರು ಎಲ್ಲಿ ಮಲಗುತ್ತಾರೆಂದು ಹುಡುಕುವ ಕಷ್ಟ ಅವರಿಗೆ ತಪ್ಪಿತ್ತು. ನಾನೇ ಮಲಗಿ, ಪರೀಕ್ಷಿಸಿ, ದಿಂಬು ಕೊಟ್ಟು, ವಿಳಾಸ ಸಮೇತ ಮನೆಬಾಗಿಲಿಗೆ ಮುಟ್ಟಿಸುತ್ತಿದ್ದೆ. ಥೂ ನನ್ನ ಜನ್ಮಕ್ಕೆ ಎನ್ನಿಸಿತು. ಆ ದಿನ ಒಂದು ಪತ್ರಿಕೆಯನ್ನೂ ಮಾರಲಿಲ್ಲ.

ಮುಂದಿನ ವಾರ ಜಾಣತನ ಮಾಡಲು ಹೋದೆ. ಉಳಿದ ಬೆಂಚುಗಳಿಗೆಲ್ಲ ಸೊನ್ನೆ ದಿಂಬು ಕೊಟ್ಟೆ. 'ಕೊಳಕು. ಮುರುಕು. ಹುಳ ಹತ್ತಿದೆ. ನಾಯಿಯೂ ಮೂಸುವುದಿಲ್ಲ.' ನಗರಸಭೆ ಅವನ್ನು ಬುಡಸಮೇತ ಕಿತ್ತುಕೊಂಡು ಹೋಯಿತು. ಸಾರ್ವಜನಿಕರ ದೂರಿನ ಮೇರೆಗೆ ಎಂದು ಫಲಕವನ್ನೂ ನೆಟ್ಟಿತು. ನಮ್ಮವರು ಮೂವರು ಲಾಂಡ್ರಿಗೆ ಬಂದು ನನ್ನ ಮುಂದೆ ನಿಂತರು. "ಅಮ್ಮಾ ತಾಯಿ, ಹೊಗಳಬೇಡ, ಬೈಬೇಡ, ಸುಮ್ನೆ ಇರೋಕೆ ಎಷ್ಟು ತಗೊಳ್ತೀಯ?" ಎಂದರು.

ಅಜ್ಜಿ ಕೂತೇ ನಿದ್ದೆ ಮಾಡತೊಡಗಿದಳು. ಎರಡೇ ವಾರಕ್ಕೆ ಎಡಗಾಲು ಊದಿ ಕಂಬದಷ್ಟಾಯಿತು. ಇಸ್ತ್ರಿ ಮೇಜಿನ ಮೇಲೆ ಮಲಗಿಸೋಣವೆಂದರೆ ಅದು ಎದೆಯೆತ್ತರ, ಅಷ್ಟೆತ್ತರ ಅವಳನ್ನು ಎತ್ತುವಾಗ ನೋವಿಗೆ ಕಿರುಚಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆದುಕೊಟ್ಟರು. ಕಾಲು ಚಾಚಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳತಕ್ಕದ್ದು. ಇಲ್ಲವಾದರೆ ಕಾಲು ಉಳಿಯುವುದಿಲ್ಲ. ಎಲ್ಲಿ ಮಲಗತಕ್ಕದ್ದು ಎಂದು ಆ ಮಹಾನುಭಾವರು ಬರೆಯಲಿಲ್ಲ.

ಅವಳ ಕಾಲು ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಯಾರಿಗಾದರೂ ಹೊಡೆಯಬೇಕು. ಆಸನಾಧಿಕಾರಿಯನ್ನು ನೋಡಲು ನಗರಸಭೆಗೆ ಹೋದೆ. ಊಟಕ್ಕೆ ಹೋಗಿದ್ದಾರೆ, ಕಾಯಿರಿ ಎಂದರು. ಕಾಯಲು ಜಾಗ ಹುಡುಕುತ್ತ ಮೊದಲ ಮಹಡಿಯ ಸಭಾಂಗಣದ ಗ್ಯಾಲರಿಗೆ ಹೋದೆ. ಅಲ್ಲಿ ಸಾರ್ವಜನಿಕರು ನಿಂತು ಸಭೆ ನೋಡಬಹುದು. ನಿಂತು ಮಾತ್ರ. ಕೆಳಗೆ ಕೆಂಪು ಮೆತ್ತೆಯ ಉದ್ದುದ್ದ ಬೆಂಚುಗಳು ಮೂರು ಸಾಲು. ಯಾರೋ ಒಬ್ಬರು ಚರಂಡಿಯ ಬಗ್ಗೆ ಓದುತ್ತಿದ್ದರು. ಉಳಿದ ಸದಸ್ಯರೆಲ್ಲ ನಿದ್ದೆಯಲ್ಲಿದ್ದರು. ಒರಗಿದವರು, ಬಾಯಿ ತೆರೆದವರು, ಪಕ್ಕದವರ ಹೆಗಲಿಗೆ ಬಿದ್ದವರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಭಾರಿ ಆಳು, ಬೂಟು ಬಿಚ್ಚಿ ಉದ್ದಕ್ಕೆ ಮಲಗಿಯೇ ಬಿಟ್ಟಿದ್ದರು. ಅವರ ಗೊರಕೆಗೆ ಮೈಕು ಸಿಕ್ಕಿ ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಚರಂಡಿ ಸರ್ವಾನುಮತದಿಂದ ಅಂಗೀಕಾರವಾಯಿತು.

ನಾನು ಅಧಿಕಾರಿಯನ್ನು ಕಾಯಲಿಲ್ಲ. ಓಡಿಬಂದು ಬರೆದೆ.

'ದೊಡ್ಡ ಗಡಿಯಾರದ ಕಟ್ಟಡ, ಮೊದಲ ಮಹಡಿ, ಬಲಗಡೆ ಬಾಗಿಲು. ಕೆಂಪು ಮೆತ್ತೆಯ ಬೆಂಚು, ಮೂರು ಸಾಲು. ಫ್ಯಾನುಂಟು, ಸೊಳ್ಳೆಯಿಲ್ಲ, ಎಬ್ಬಿಸುವವರಿಲ್ಲ. ಹಾಡಹಗಲೇ ಮೂವತ್ತೈದು ಜನ ಮಲಗಿದ್ದನ್ನು ಕಣ್ಣಾರೆ ಕಂಡೆ. ಐದು ದಿಂಬು. ಆರು ಇದ್ದರೆ ಆರು ಕೊಡುತ್ತಿದ್ದೆ.'

ಅಲ್ಪವಿರಾಮ ಓದಿದ. ಮತ್ತೆ ಓದಿದ. "ಇದು, ಅದೇ ಅಲ್ವಾ?" ಎಂದ.

"ಹೂಂ, ಅದೇ."

"ಒಂದೂ, ತಪ್ಪಿಲ್ಲ," ಎಂದು ಹಾಗೇ ಅಚ್ಚಿಗೆ ಕೊಟ್ಟ.

ಗುಮಾಸ್ತ ಕತ್ತರಿಸಿ ಅಂಟಿಸಿದ. ಅಧಿಕಾರಿ ಓದದೆ ಸಹಿ ಹಾಕಿದ. ವೆಲ್ಡರ್ ವಿಳಾಸ ಓದಿ ಒಂದು ಗಳಿಗೆ ನಿಂತನಂತೆ. ಆಮೇಲೆ, ನನಗೇನು, ಕಾಗದ ಇದೆಯಲ್ಲ ಎಂದುಕೊಂಡನಂತೆ. ಸಭೆಯಿಲ್ಲದ ಭಾನುವಾರ ಇಡೀ ದಿನ ಮಂಡಿಯೂರಿ ಕೂತು ಮೂವತ್ತಾರು ಕಂಬಿ ಬೆಸೆದ. ಎರಡು ಕಂಬಿಗೆ ಒಂದು ಮೊಳ ಅಂತರ, ಇಲಾಖೆಯ ನಿಯಮದಂತೆ. 'ಜೀವಮಾನದಲ್ಲಿ ಇಷ್ಟು ನೀಟಾಗಿ ಮಾಡಿರ್ಲಿಲ್ಲ ಅಕ್ಕ' ಎಂದು ಆಮೇಲೆ ನನಗೆ ಹೇಳಿದ.

ಸೋಮವಾರ ಹನ್ನೊಂದು ಗಂಟೆಗೆ ಲಾಂಡ್ರಿಗೆ ಜೀಪು ಬಂತು. ನನ್ನನ್ನೂ ಅಲ್ಪವಿರಾಮನನ್ನೂ ಹತ್ತಿಸಿಕೊಂಡು ಹೋದರು. ಸಭಾಂಗಣದಲ್ಲಿ ಸದಸ್ಯರೆಲ್ಲ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಧ್ಯಕ್ಷರು ಮಾತ್ರ ಕೂತಿದ್ದರು. ಎಲ್ಲರಿಗಿಂತ ಮೊದಲು ಬಂದು, ಅರೆನಿದ್ದೆಯಲ್ಲಿ ರೂಢಿಯಂತೆ ಧೊಪ್ಪೆಂದು ಕೂತಿದ್ದರಂತೆ. ಎರಡು ಕಂಬಿಯ ನಡುವೆ ಬಿಗಿಯಾಗಿ ಇಳಿದುಬಿಟ್ಟಿದ್ದರು. ಇಬ್ಬರು ಜವಾನರು ಕೈ ಹಿಡಿದು ಎಳೆಯುತ್ತಿದ್ದರು. ಒಬ್ಬ ಸೋಪುನೀರು ತಂದಿದ್ದ. ಅಂಗಿಯ ಗುಂಡಿಗಳು ಒಂದೊಂದಾಗಿ ಹಾರುತ್ತಿದ್ದವು.

"ಇವಳೇ ಸಾರ್!" ಎಂದು ಆಸನಾಧಿಕಾರಿ ನನ್ನತ್ತ ಬೆರಳು ತೋರಿದ. ಇಷ್ಟು ದಿನ ನನ್ನ ಓದುಗನೆಂದು ನಾನು ಮೆರೆದದ್ದು ಇವನನ್ನು ನಂಬಿ. ಒಂದು ಸಾಲೂ ಓದಿರಲಿಲ್ಲ, ಅಯೋಗ್ಯ.

ನನ್ನ ಮುಂದೆ ಹಾಳೆ, ಪೆನ್ನು ಇಟ್ಟ. "ಬರಿ. ಇಲ್ಲಿ ಯಾರೂ ಮಲಗೋದಿಲ್ಲ, ನಾನು ಬರ್ದಿದ್ದು ಸುಳ್ಳು, ಕ್ಷಮಿಸಿ ಅಂತ ಬರಿ. ಇಲ್ಲಾಂದ್ರೆ ನಿಮ್ಮೋರೆಲ್ಲರ ಬ್ಯಾಡ್ಜ್ ಕಿತ್ಕೋತೀನಿ. ಒಂದು ಸಿಗ್ನಲ್ಲಲ್ಲೂ ನಿಲ್ಲೋ ಹಾಗಿಲ್ಲ."

ಅಲ್ಪವಿರಾಮನ ಮುಖ ಬಿಳಿಚಿತು. ಪತ್ರಿಕೆ ಮಾರುವವರು ನಮ್ಮಲ್ಲಿ ಮೂವತ್ತು ಜನ. ಮೂವತ್ತು ಹೊಟ್ಟೆ. ನಾನು ಪೆನ್ನು ಕೈಗೆ ತೆಗೆದುಕೊಂಡೆ. ಸುಳ್ಳು ಹೇಳಬಾರದು, ಒಂದು ಸಾಲು ಬರೆದು ಮನೆಗೆ ಹೋಗೋಣ ಎನ್ನಿಸಿತು, ಮನೆ ಇಲ್ಲ ಎನ್ನುವುದೂ ನೆನಪಾಯಿತು. ಪೆನ್ನು ಕೆಳಗಿಟ್ಟೆ.

"ಬರಿಯಲ್ಲ," ಎಂದೆ.

"ಏನಂದೆ?"

"ಬರಿಯಲ್ಲ ಅಂದೆ. ಕಿವಿ ಕೇಳ್ಸಲ್ವಾ? ಯಾರ್ ಹತ್ರ ಕ್ಷಮೆ ಕೇಳ್ಲಿ?" ಎಂದು ಅಧ್ಯಕ್ಷರ ಕಡೆ ತಿರುಗಿದೆ. "ನಿಮ್ ಗೊರಕೆ ಮೈಕಲ್ಲಿ ಕೇಳಿದ್ದು ನಾನು. ನಿಮ್ಮಂಥೋರ ಮೆಟ್ಲು ಮೂವತ್ತು ವರ್ಷ ಒರೆಸಿದ ಹೆಂಗಸು ಮೂರು ವಾರದಿಂದ ಕೂತ್ಕೊಂಡು ನಿದ್ದೆ ಮಾಡ್ತಿದಾಳೆ. ಕಾಲು ಕೊಳೀತಿದೆ ಅವಳದ್ದು. ನೀವು ಒಂದು ಬೆಳಿಗ್ಗೆ ಕೂತಿದ್ದಕ್ಕೆ ಜೀಪು, ಜವಾನ, ಸೋಪುನೀರು. ಅವಳಿಗೆ ಯಾರ್ರೀ ಬಂದ್ರು? ಕ್ಷಮೆ ನಾನು ಕೇಳೋದು ಅವಳ ಹತ್ರ. ನಿಮ್ ಹತ್ರ ಅಲ್ಲ."

ಅಧಿಕಾರಿ ನನ್ನ ಬ್ಯಾಡ್ಜ್ ಕಿತ್ತುಕೊಂಡ. ರವಿಕೆಯ ಬಟ್ಟೆಯೂ ಹರಿಯಿತು. ಯಾರೋ ನಕ್ಕರು.

"ಕ್ಷಮಾಪಣೆ ಹಾಳಾಗ್ಲಿ!" ಎಂದು ಅಧ್ಯಕ್ಷರು ಕಿರುಚಿದರು. "ಮೊದ್ಲು ನನ್ನ ತೆಗೀರೋ! ಉಸಿರು ಕಟ್ತಾ ಇದೆ!"

ವೆಲ್ಡರನ್ನು ಕರೆಸಿದರು. ಅವನು ಕಂಬಿಗಳನ್ನು ಪ್ರೀತಿಯಿಂದ ನೋಡಿ, ಕೈಕಟ್ಟಿ ನಿಂತ. "ಕಾಗದ ಬೇಕು ಸಾರ್. ಹಾಕೋಕೂ ಕಾಗದ, ತೆಗಿಯೋಕೂ ಕಾಗದ. ಹೋದ್ಸಲ ಬಾಯಿಮಾತಿಗೆ ಒಂದು ಕಂಬಿ ಕಿತ್ತು ಕೂಲಿ ಕಳ್ಕೊಂಡೆ."

ಗುಮಾಸ್ತ ಕನ್ನಡಕ ಏರಿಸಿದ. "ಕಂಬಿಗೊಂದು ಆದೇಶ ಸಾರ್. ಮೂವತ್ತಾರು ಕಂಬಿ, ಮೂರು ಮೂರು ಪ್ರತಿ. ಸಂಜೆ ಹೊತ್ತಿಗೆ ಮುಗೀಬಹುದು."

ಅಧ್ಯಕ್ಷರು ಕರುವಿನ ಹಾಗೆ ಒಂದು ಸದ್ದು ಮಾಡಿದರು. ನನಗೆ ತಡೆಯಲಾಗಲಿಲ್ಲ. ಎಷ್ಟಾದರೂ ಬರೆಯುವವಳು.

"ಒಂದೇ ಸಾಲಲ್ಲಿ ಮುಗಿಯೋದಕ್ಕೆ ಅಷ್ಟು ಯಾಕೆ? 'ಬಯಲು ವಾರ್ತೆಯ ಐದನೇ ಪುಟ ನೋಡಿ ಹಾಕಿದ ಎಲ್ಲಾ ಕಂಬಿಗಳನ್ನು ಕೂಡಲೇ ತೆಗೆಯತಕ್ಕದ್ದು.' ಬರ್ಕೊಳ್ಳಿ."

"ಬರ್ಕೊಳ್ಳೋ!" ಎಂದು ಅಧ್ಯಕ್ಷರು ಕೂಗಿದರು. ಗುಮಾಸ್ತ ಬರೆದ. ಅಲ್ಪವಿರಾಮ ಬಗ್ಗಿ ನೋಡಿ, ತಪ್ಪಿಲ್ಲ ಎಂದ. ಅಧ್ಯಕ್ಷರು ಸಿಕ್ಕಿಕೊಂಡಲ್ಲಿಂದಲೇ ಕೈ ಚಾಚಿ ಸಹಿ ಹಾಕಿದರು. ಅವರ ತೊಡೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಕಿಡಿ ಹಾರಿಸುತ್ತ ವೆಲ್ಡರ್ ಕಂಬಿ ಕತ್ತರಿಸಿದ. ಉಳಿದ ಮೂವತ್ತೈದನ್ನೂ ಕತ್ತರಿಸಿದ. ಆಮೇಲೆ ಆದೇಶವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಗ್ರಂಥಾಲಯಕ್ಕೆ ಹೋದ. ಕೆರೆ ಪಾರ್ಕಿಗೆ ಹೋದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಸ್ ನಿಲ್ದಾಣ ತಲುಪಿದ. ಅಜ್ಜಿ ಕಾಲು ಚಾಚಿ ಮಲಗಿದವಳು ಮೂರು ದಿನ ಎದ್ದು ಕೂರಲಿಲ್ಲ. ಕಂಬಿ ಇದ್ದ ಕಡೆ ಮೊಳೆಯ ತೂತುಗಳು ಉಳಿದಿದ್ದವು. ಅಷ್ಟೇ ಕಿರಿಕಿರಿ ಎಂದಳು.

ಉಳಿದವರ ಬ್ಯಾಡ್ಜ್ ಕೀಳಲಿಲ್ಲ, ಪತ್ರಿಕೆಯ ಮೇಲೆ ಕೇಸೂ ಹಾಕಲಿಲ್ಲ. ಹಾಕಿದರೆ ಅಧ್ಯಕ್ಷರು ಎಲ್ಲಿ, ಹೇಗೆ ಸಿಕ್ಕಿಕೊಂಡರು ಎಂದು ಕೋರ್ಟಿನಲ್ಲಿ ಗಟ್ಟಿಯಾಗಿ ಓದಬೇಕಾಗುತ್ತದೆ. ಆದರೆ ಆಸನಾಧಿಕಾರಿಗೆ ಹೊಟ್ಟೆಯುರಿ ಆರಲಿಲ್ಲ. ಹತ್ತು ದಿನಕ್ಕೆ ವೆಲ್ಡರ್ ಇನ್ನೊಂದು ಕಾಗದ ಹಿಡಿದು ಬಂದ. ಬಸ್ ನಿಲ್ದಾಣದ ಬೆಂಚನ್ನು ಕಿತ್ತು ಗೋದಾಮಿಗೆ ಸಾಗಿಸತಕ್ಕದ್ದು.

"ಕೀಳೋದಂತೂ ಕೀಳ್ಲೇಬೇಕು ಅಕ್ಕ, ಕಾಗದ ಇದೆ," ಎಂದ. ಆಮೇಲೆ ದನಿ ತಗ್ಗಿಸಿ, "ಗೋದಾಮಲ್ಲಿ ಮುರುಕು ಬೆಂಚು ಬೆಟ್ಟದಷ್ಟು ಬಿದ್ದಿದೆ. ಒಂದು ಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದ.

ಕಿತ್ತೆವು. ಆರು ಜನ ಹೊರಲು ಬಂದೆವು. ಅಜ್ಜಿ ಇಳಿಯಲು ಒಪ್ಪಲಿಲ್ಲ. "ಒಂದು ಸಲ ಇಳಿದೆ, ಕಂಬಿ ಬಿತ್ತು. ಇನ್ನು ಇಳಿಯಲ್ಲ," ಎಂದಳು. ಅವಳ ಸಮೇತ ಎತ್ತಿದೆವು. ಹಳೆ ಮರ, ಹೆಣಭಾರ, ಹೆಗಲ ಚರ್ಮ ಕಿತ್ತುಬಂತು. ನೆತ್ತಿಯ ಮೇಲೆ ಬಿಸಿಲು. ಮುಂದೆ ವೆಲ್ಡರ್ ನಗರಸಭೆಯ ಕಾಗದ ಎತ್ತಿ ಹಿಡಿದು ನಡೆದ. ಪೊಲೀಸಿನವನು ಮೊಹರು ನೋಡಿ, ಸೀಟಿ ಊದಿ, ವಾಹನಗಳನ್ನೆಲ್ಲ ನಿಲ್ಲಿಸಿದ. ನನಗೆ ಗಾಜು ಇಳಿಸದ ಕಾರುಗಳೆಲ್ಲ ಸಾಲಾಗಿ ನಿಂತವು. ಜನ ಹೆಣ ಎಂದುಕೊಂಡು ದಾರಿ ಬಿಟ್ಟರು, ಕೈ ಮುಗಿದರು. ಅಜ್ಜಿ ತಲೆಯೆತ್ತಿ, "ಇನ್ನೂ ಇದೀನಪ್ಪಾ, ಹೋಗಿ ಹೋಗಿ," ಎಂದಳು. ಒಬ್ಬ ಮುದುಕ ಹೌಹಾರಿ ಬೇಲಿಗೆ ಒರಗಿಕೊಂಡ. ನಗು ತಡೆಯಲಾಗದೆ ಎರಡು ಸಲ ಬೆಂಚು ಕೆಳಗಿಟ್ಟೆವು.

ಬೆಂಚು ಈಗ ಎಲ್ಲಿದೆ ಎಂದು ಬರೆಯುವಷ್ಟು ಪೆದ್ದಿ ನಾನಲ್ಲ. ಅಜ್ಜಿಯ ಕಥೆಯನ್ನು ಮಾತ್ರ ಬರೆದೆ, ವಿಳಾಸ ಬಿಟ್ಟು. ಅಂಕಣ ನಿಂತಿಲ್ಲ. ವಾರಕ್ಕೊಂದರಂತೆ ನಗರಸಭೆಯ ಕುರ್ಚಿಗಳ ಬಗ್ಗೆ ಬರೆಯುತ್ತಿದ್ದೇನೆ. ಬ್ಯಾಡ್ಜ್ ಇಲ್ಲದೆಯೇ ಮಾರುತ್ತೇನೆ. ಪೊಲೀಸರು ಓಡಿಸಿದರೆ ಆಚೆ ಸಿಗ್ನಲ್ಲಿಗೆ ಹೋಗುತ್ತೇನೆ.

ಮೊನ್ನೆ ಮಧ್ಯಾಹ್ನ ಒಂದು ಕಾರಿನ ಗಾಜು ಪೂರ್ತಿ ಇಳಿಯಿತು. ಒಳಗೊಬ್ಬ ಹೆಂಗಸು. ನನ್ನ ವಯಸ್ಸಿನವಳೇ. ಪಕ್ಕದ ಸೀಟಿನಲ್ಲಿ ನಮ್ಮ ಹಳೆಯ ಸಂಚಿಕೆಗಳು ಜೋಡಿಸಿಟ್ಟಿದ್ದವು, ಹಿಂದೆ ಒಂದು ಹೊಸ ಕಂಬಳಿ.

"ನೀವು ಬರೆದಿದ್ದು ಪ್ರತಿಯೊಂದೂ ಓದಿದೀನಿ," ಎಂದಳು. ಕಣ್ಣು ತುಂಬಿತ್ತು. "ಅಜ್ಜಿ ಬಗ್ಗೆ ಓದಿ ಅತ್ತುಬಿಟ್ಟೆ. ಈಗ ಎಲ್ಲಿ ಮಲಗ್ತಾರೆ ಅವ್ರು? ಹೇಳಿ, ಈಗ್ಲೇ ಹೋಗ್ತೀನಿ."

ಓದಿದ್ದಾಳೆ! ಎಲ್ಲವನ್ನೂ ಓದಿದ್ದಾಳೆ! ನನ್ನ ನಾಲಿಗೆ ತುದಿಗೆ ವಿಳಾಸ ಬಂದುಬಿಟ್ಟಿತ್ತು. ಯಾವ ಬೀದಿ, ಯಾವ ಗೋಡೆಯ ಹಿಂದೆ, ಎಲ್ಲ.

"ಕಂಬಳಿ ಕೊಡಿ, ಮುಟ್ಟಿಸ್ತೀನಿ," ಎಂದೆ.

"ನಾನೇ ಕೊಡ್ಬೇಕು ಅಂತ ಆಸೆ. ಒಂದ್ಸಲ ನೋಡಿದ್ರೆ ಸಾಕು. ನನ್ ಮೇಲೆ ನಂಬಿಕೆ ಇಲ್ವಾ?"

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಒಳ್ಳೆಯವಳು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೂ ಅಳು ಬಂತು.

"ಇಲ್ಲ ಮೇಡಂ," ಎಂದೆ. "ಅಜ್ಜಿ ಮಲಗಿದಾಳೆ. ಎಬ್ಬಿಸ್ಬೇಡಿ."